ಬಕಲಣ್ಣನ ಫುಲ್ ಸೈಜ್ ಪಿಸ್ತೂಲು

ಬಕಲಣ್ಣ ಪಿಸ್ತೂಲಿನ ಮಾಲೀಕನಾದದ್ದು ಒಂದು ಮಂಗಳವಾರ ಬೆಳಿಗ್ಗೆ. ಅದಕ್ಕಾಗಿ ಅವನು ಯಾವ ಅಂಗಡಿಗೂ ಹೋಗಲಿಲ್ಲ, ಯಾವ ಪರವಾನಗಿಯನ್ನೂ ಪಡೆಯಲಿಲ್ಲ, ಜೇಬಿಗೆ ಕೈಯನ್ನೂ ಹಾಕಲಿಲ್ಲ. ಬಾಯಿ ತೆರೆದ, ಅಷ್ಟೆ. ಲೋಕದಲ್ಲಿ ಎಷ್ಟೋ ಜನ ಎಷ್ಟೋ ವಸ್ತುಗಳಿಗೆ ಹೀಗೆಯೇ ಮಾಲೀಕರಾಗಿರುವಾಗ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಬಕಲಣ್ಣನದು ಚರ್ಮದ ಕೆಲಸ. ಬೆಲ್ಟು, ಪರ್ಸು, ಕೈಚೀಲ, ಹೊಲಿಗೆ ಬಿಟ್ಟ ಸೂಟ್‌ಕೇಸು ಎಲ್ಲವೂ ಅವನ ಕೈಗೆ ಬರುತ್ತಿದ್ದವು. ಬೀದಿಯಲ್ಲಿ ಯಾರ ಸೊಂಟ ಎಷ್ಟು ಹಿಗ್ಗಿದೆ ಎಂಬುದು ಅವರವರ ಹೆಂಡತಿಯರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಬೆಲ್ಟಿಗೆ ಹೊಸ ತೂತು ಹೊಡೆಯುವವನು ಅವನೇ ತಾನೆ. ಬಕಲು ಕೂರಿಸುವುದರಲ್ಲಿ ಕೈ ಪಳಗಿದ್ದರಿಂದ ಜನ ಬಕಲಣ್ಣ ಎಂದು ಕರೆದರು; ಅಪ್ಪ ಅಮ್ಮ ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ನೆಮ್ಮದಿಯಾಗಿ ಮಲಗಿತ್ತು. ಮನುಷ್ಯ ಒಳ್ಳೆಯವನು, ಕೆಲಸದಲ್ಲಿ ಗಟ್ಟಿಗ. ಅವನಿಗಿದ್ದ ಒಂದೇ ಒಂದು ದೌರ್ಬಲ್ಯವೆಂದರೆ ಸದ್ದು. ಬಲೂನು ಮಾರುವವನು ಬಂದರೆ ಬೀದಿಯ ಆಚೆ ಬದಿಗೆ ಹೋಗುತ್ತಿದ್ದ. ಎದುರಿನ ಅಂಗಡಿಯಲ್ಲಿ ಸೈಕಲ್ ಟಯರಿಗೆ ಗಾಳಿ ತುಂಬುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ. ಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ ಸರಿಯಾಗಿ ಅವನಿಗೆ ಹಿತ್ತಲಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ಈ ಸಂಗತಿಯನ್ನು ಊರಿಗೆಲ್ಲ ಸಾರುವ ಹೊಣೆ ಹೊತ್ತವರು ಅವನ ಹೆಂಡತಿಯ ಅಣ್ಣ, ಅಂದರೆ ಭಾವನವರು. ಇವರು ಗೋದಾಮೊಂದರ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಕೂತರೆ ಹೆಂಡತಿ ಕೆಲಸ ಹೇಳುತ್ತಾಳೆಂದು ಬೆಳಿಗ್ಗೆಯೇ ಬಂದು ಬಕಲಣ್ಣನ ಅಂಗಡಿಯಲ್ಲಿ ಗಿರಾಕಿಗಳಿಗಾಗಿ ಇದ್ದ ಏಕೈಕ ಕುರ್ಚಿಯನ್ನು ತುಂಬುತ್ತಿದ್ದರು. ಒಂದಾನೊಂದು ಕಾಲದಲ್ಲಿ ಗೋದಾಮಿಗೆ ನುಗ್ಗಿದ ಕಳ್ಳನ ಮುಂದೆ ತಾವು ಎದೆಯೊಡ್ಡಿ ನಿಂತ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಮೊದಮೊದಲು ಕಳ್ಳ ಒಬ್ಬನೇ ಇದ್ದ, ಅವನ ಕೈಯಲ್ಲಿ ಚಾಕು ಇತ್ತು. ವರ್ಷ ಕಳೆದಂತೆ ಕಳ್ಳರು ಗುಂಪಾದರು, ಚಾಕು ಮಚ್ಚಾಯಿತು, ಭಾವನವರ ಎದೆಯೂ ಅದಕ್ಕೆ ತಕ್ಕಂತೆ ಅಗಲವಾಯಿತು. ಕಥೆ ಮುಗಿಯುವಾಗ ತಪ್ಪದೆ ಹೊಲಿಗೆ ಯಂತ್ರದ ಕಡೆ ಬೆರಳು ತೋರಿಸಿ, "ನಮ್ಮ ಬಕಲ ಇದ್ದಾನಲ್ಲ, ಇವನಾಗಿದ್ರೆ ಕಳ್ಳನಿಗೆ ಬೀಗದ ಕೈ ಕೊಟ್ಟು ಬಾಗಿಲೂ ಹಿಡ್ಕೊಳ್ತಿದ್ದ!" ಎನ್ನುತ್ತಿದ್ದರು. ಬಕಲಣ್ಣ ತಲೆ ತಗ್ಗಿಸಿ ಯಂತ್ರ ತುಳಿಯುತ್ತಿದ್ದ. ಅವನಿಗೆ ನೋವಾಗುತ್ತಿತ್ತು. ಹೆಂಡತಿಯ ಅಣ್ಣ ಎಂದು ಸಹಿಸಿಕೊಂಡಿದ್ದ.

ಆ ಮಂಗಳವಾರ ಅಂಗಡಿಗೆ ಮೀಸೆ ಸಾಹೇಬರು ಬಂದರು. ಇವರು ಊರಾಚೆಯ ಗುರಿ ಹೊಡೆಯುವವರ ಸಂಘದ ಕಾರ್ಯದರ್ಶಿ. ಮೀಸೆ ಮೊದಲು ಅಂಗಡಿಗೆ ಬಂದು, ಸ್ವಲ್ಪ ಹೊತ್ತಿನ ನಂತರ ಸಾಹೇಬರು ಬಂದರು ಎನ್ನಬಹುದು.

"ನೋಡ್ರೀ, ನಂದು ಫುಲ್ ಸೈಜ್ ಪಿಸ್ತೂಲು," ಎಂದರು ಸಾಹೇಬರು, ಮಗ ಡಾಕ್ಟರ್ ಎಂದು ಹೇಳುವವರ ದನಿಯಲ್ಲಿ. "ರೆಡಿಮೇಡ್ ಒರೆ ತಗೊಂಡೆ. ಒಳಗೆ ಗಲಗಲ ಅಂತ ಅಲ್ಲಾಡತ್ತೆ. ಮೊನ್ನೆ ಒಂದು ಮನೆಗೆ ಊಟಕ್ಕೆ ಹೋಗಿದ್ದೆ. ಕೈ ತೊಳೆಯೋಕೆ ಬಗ್ಗಿದೆ, ಬೇಸಿನ್ನಿಗೆ ಬಿತ್ತು. ಮನೆಯೋರು ಮತ್ತೆ ಕರೀಲಿಲ್ಲ. ಅಚ್ಚು ಹೊಡೆದ ಹಾಗೆ ಕೂರೋ ಒರೆ ಮಾಡಿಕೊಡ್ತೀರಾ?"

ಹಾಗೆಂದು ಗುಂಡು ತೆಗೆದು, ಪಿಸ್ತೂಲನ್ನು ಮೇಜಿನ ಮೇಲಿಟ್ಟರು. ಬಕಲಣ್ಣ ಯಂತ್ರದ ಹಿಂದಕ್ಕೆ ಸರಿದ. ಅಲ್ಲಿಂದಲೇ ಕೈಯನ್ನು ಆದಷ್ಟು ಉದ್ದ ಮಾಡಿ, ಪಿಸ್ತೂಲಿನ ಕೆಳಗೆ ಕಂದು ಕಾಗದ ತೂರಿಸಿ, ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆದ. ಆಮೇಲೆ ಮುಖ ಆಚೆ ತಿರುಗಿಸಿಕೊಂಡು ಅದರ ದಪ್ಪವನ್ನೂ ಅಳೆದ.

"ಇದನ್ನ ನಿಮ್ಮ ಹತ್ರ ಬಿಟ್ಟು ಹೋಗೋ ಹಾಗಿಲ್ಲ, ಕಾನೂನು," ಎಂದರು ಸಾಹೇಬರು. "ಪಿಸ್ತೂಲೇ ಇಲ್ಲದೆ ಒರೆ ಹೇಗ್ರೀ ಹೊಂದಿಸ್ತೀರಿ?"

ಕುರ್ಚಿಯಿಂದ ಭಾವನವರು ಗಹಗಹಿಸಿ ನಕ್ಕರು. "ಯಾರ ಹತ್ರ ಬಂದಿದ್ದೀರಿ ಸಾರ್! ಇವನು ಬಲೂನ್ ಕಂಡ್ರೆ ಓಡೋ ಆಸಾಮಿ. ಪಿಸ್ತೂಲಿನ ಒರೆ ಮಾಡೋಕೆ ಕೂತ್ರೆ ಅದು ಕನ್ನಡಕದ ಡಬ್ಬಿ ಆಗತ್ತೆ!"

ಸಾಹೇಬರ ಮೀಸೆಯೂ ನಕ್ಕಿತು. ಇಷ್ಟು ವರ್ಷ ತಗ್ಗಿದ ತಲೆ ಆ ಹೊತ್ತಿಗೆ ಯಾಕೆ ಎದ್ದಿತೋ ದೇವರೇ ಬಲ್ಲ.

"ಹೊಂದಿಸೋಕೆ ನಿಮ್ಮದೇ ಬೇಕಾ ಸಾರ್?" ಎಂದ ಬಕಲಣ್ಣ. "ನನ್ನ ಹತ್ರಾನೂ ಒಂದಿದೆ. ಮನೇಲಿದೆ. ಇದೇ ಥರದ್ದು. ಫುಲ್ ಸೈಜು."

ಭಾವನವರ ಕೈಯಿಂದ ಪೇಪರು ಜಾರಿತು. ಬಕಲಣ್ಣನಿಗೆ ತನ್ನ ಮಾತು ಬೇರೆ ಯಾರೋ ಆಡಿದಂತೆ ಕೇಳಿಸಿತು. ಆ ಬೇರೆಯವನ ಮೇಲೆ ಅವನಿಗೆ ಬಹಳ ಗೌರವವೂ ಹುಟ್ಟಿತು.

ಸುಳ್ಳು ಹೇಳಿದ್ದಾಯಿತು, ಇನ್ನು ಒರೆ ಆಗಬೇಕಲ್ಲ. ಸಾಹೇಬರು ಹೋದ ಮೇಲೆ ಅವನು ಕಂದು ಕಾಗದ ಹಿಡಿದು ಪಕ್ಕದ ಬಡಗಿಯ ಹತ್ತಿರ ಓಡಿದ. ಬಡಗಿ ಏನೂ ಕೇಳುವವನಲ್ಲ. ಗೆರೆ ತೋರಿಸಿದರೆ ಕೊರೆಯುವವನು. ಬಾಗಿಲಿಗೆ ಬಳಸಿ ಉಳಿದ ಒಣ ಮರದ ತುಂಡಿನಲ್ಲಿ ಪಿಸ್ತೂಲು ಕೆತ್ತಿಕೊಟ್ಟ. ಚರ್ಮದ ಕೆಲಸದವರಿಗೆ ಇದು ಗೊತ್ತಿರುವ ಉಪಾಯವೇ: ಚರ್ಮವನ್ನು ನೀರಿನಲ್ಲಿ ನೆನೆಸಿ, ಅಚ್ಚಿನ ಮರಕ್ಕೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಚರ್ಮವನ್ನು ಒತ್ತಿ ಕೂರಿಸಬೇಕು, ಸ್ವಲ್ಪ ಬಿಗಿದ ಕೂಡಲೇ ಮರವನ್ನು ಎಳೆದುಬಿಡಬೇಕು. ಬಕಲಣ್ಣ ಹಾಗೇ ಮಾಡಿದ. ಅಂಚನ್ನು ದಬ್ಬಳದಿಂದ ಹೊಲಿದುಕೊಟ್ಟವಳು ಅವನ ಹೆಂಡತಿ. ಕೈಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒರೆ ಆದ ಮೇಲೆ ಅವಳು ಮರದ ಪಿಸ್ತೂಲನ್ನು ಒರೆಸಿ ಒಳಗೆ ಒಯ್ದಳು. ಅಡುಗೆಮನೆಯ ಕಿಟಕಿಯ ಕೊಂಡಿ ಮುರಿದು ಬಹಳ ದಿನವಾಗಿತ್ತು. ಗಾಳಿಗೆ ಅದರ ಬಾಗಿಲು ಬಡಿಯದಂತೆ ಆಸರೆ ಕೊಡಲು ಆ ತುಂಡು ಹೇಳಿ ಮಾಡಿಸಿದಂತಿತ್ತು. ಅಂದಿನಿಂದ ಬಕಲಣ್ಣನ ಆಯುಧ ಕಿಟಕಿಯನ್ನು ಕಾಯತೊಡಗಿತು.

ಮೀಸೆ ಸಾಹೇಬರು ಬಂದು ತಮ್ಮ ಪಿಸ್ತೂಲನ್ನು ಹೊಸ ಒರೆಗೆ ಇಳಿಸಿದರು. ಸುಂಯ್ ಎಂದು ಹೋಗಿ ಕೂತಿತು. ಬಗ್ಗಿದರು, ಕುಣಿದರು, ಅಂಗಡಿಯ ಬಾಗಿಲಲ್ಲಿ ಎರಡು ಬಸ್ಕಿಯನ್ನೂ ಹೊಡೆದರು. ಪಿಸ್ತೂಲು ಅಲ್ಲಾಡಲಿಲ್ಲ.

"ಇದು ಬರೀ ಅಳತೆಯಿಂದ ಆಗೋ ಕೆಲಸ ಅಲ್ಲ," ಎಂದು ಅವರು ಬೀದಿಗೆ ಕೇಳುವಂತೆ ಸಾರಿದರು. "ಸ್ವಂತ ಪಿಸ್ತೂಲಿದ್ದು, ಅದರ ಜೊತೆ ಬಾಳಿದೋರಿಗೆ ಮಾತ್ರ ಸಾಧ್ಯ!"

ಇಲ್ಲಿಂದ ಬಕಲಣ್ಣನ ದೆಸೆ ತಿರುಗಿತು. ಸಂಘದ ಸದಸ್ಯರೆಲ್ಲರದ್ದೂ ಅದೇ ಫುಲ್ ಸೈಜ್ ಪಿಸ್ತೂಲು. ಒಟ್ಟಿಗೆ ಕೊಂಡರೆ ರಿಯಾಯಿತಿ ಸಿಗುತ್ತದೆಂದು ಕೊಂಡವರು. ಕೊಂಡ ಮೇಲೆ ಒಬ್ಬೊಬ್ಬರದ್ದೂ ಒಂದೊಂದು ಗೋಳು. ಒರೆಯ ನೆಪದಲ್ಲಿ ಅವರು ಒಬ್ಬೊಬ್ಬರಾಗಿ ಬಂದು, ಅನುಭವಿ ಮಾಲೀಕನ ಅಭಿಪ್ರಾಯ ಕೇಳತೊಡಗಿದರು. ಬಕಲಣ್ಣನಿಗೆ ಪಿಸ್ತೂಲಿನ ಬಗ್ಗೆ ಏನೇನೂ ತಿಳಿಯದು. ಅವನಿಗೆ ಬಾಳಿನಲ್ಲಿ ಚೆನ್ನಾಗಿ ಗೊತ್ತಿದ್ದ ಕಬ್ಬಿಣದ ವಸ್ತು ಒಂದೇ, ಅಪ್ಪನ ಕಾಲದ ಹೊಲಿಗೆ ಯಂತ್ರ. ಹೀಗಾಗಿ ಯಾರು ಏನು ಕೇಳಿದರೂ ಅವನು ಕಣ್ಣು ಮುಚ್ಚಿ ಆ ಯಂತ್ರವನ್ನು ನೆನೆದು ಉತ್ತರ ಕೊಡುತ್ತಿದ್ದ.

ಮೊದಲು ಬಂದವರು ಹಲ್ಲಿನ ಡಾಕ್ಟರಮ್ಮ. ಸಣ್ಣ ಕೈ, ಸಣ್ಣ ದನಿ. "ನನ್ನ ಕೈಗೆ ಇದು ದೊಡ್ಡದಾಯ್ತು ಕಣ್ರೀ. ಹಿಡಿದ್ರೆ ಬೆರಳು ಗುಂಡು ಹಾರಿಸೋ ಕುದುರೆಗೇ ಎಟುಕಲ್ಲ. ನಿಮಗೆ ಹಾಗಾಗಿತ್ತಾ?"

"ಶುರುವಲ್ಲಿ ಆಗಿತ್ತು ಮೇಡಂ," ಎಂದ ಬಕಲಣ್ಣ ಗಂಭೀರವಾಗಿ. "ಕೈಯಲ್ಲಿ ಏನೂ ಇಲ್ಲ. ಎಲ್ಲಾ ಇರೋದು ಪಾದದಲ್ಲಿ. ಪಾದ ಸರಿಯಾಗಿ ಊರಿ, ಬೆನ್ನು ನೆಟ್ಟಗೆ ಮಾಡಿ ಕೂತ್ರೆ ಕೈ ತಾನಾಗೇ ದಾರಿಗೆ ಬರತ್ತೆ."

"ಕೂತ್ಕೊಂಡಾ?"

"ಕೂತಾದ್ರೂ ಸರಿ, ನಿಂತಾದ್ರೂ ಸರಿ," ಎಂದು ಬಕಲಣ್ಣ ನಾಲಿಗೆ ಕಚ್ಚಿಕೊಂಡ. ಡಾಕ್ಟರಮ್ಮ ಪಾದ ನೋಡಿಕೊಳ್ಳುತ್ತ ಹೋದರು. ಮರುದಿನ ಅವರ ಗುಂಡು ಮೊದಲ ಸಲ ಗುರಿಹಲಗೆಗೆ ತಗುಲಿತು. ಅದು ಪಕ್ಕದವರ ಗುರಿಹಲಗೆ ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ.

ಆಮೇಲೆ ಬಂದವರು ಕಂಟ್ರಾಕ್ಟರು. ಹೊಟ್ಟೆ ದೊಡ್ಡದು, ಕೂತರೆ ಪಿಸ್ತೂಲು ಪಕ್ಕೆಗೆ ತಿವಿಯುತ್ತಿತ್ತು. ಅದಕ್ಕಿಂತ ದೊಡ್ಡ ದೂರು ಬೇರೆ ಇತ್ತು.

"ನಂಬಿಕೆಗೆ ಯೋಗ್ಯ ಅಲ್ಲ ಇದು. ನಾಲ್ಕು ಹೊಡೆಯೋದ್ರೊಳಗೆ ಸಿಕ್ಕಿಹಾಕ್ಕೊಳ್ಳತ್ತೆ. ನಿಮ್ಮದು ಹೇಗೆ?"

"ನಂದು ಅಪ್ಪನ ಕಾಲದ್ದು," ಎಂದ ಬಕಲಣ್ಣ. "ಇವತ್ತಿನವರೆಗೂ ಹೀಗೆ ಕೈ ಕೊಟ್ಟಿಲ್ಲ. ಎಣ್ಣೆ ಹಾಕ್ತೀರಾ?"

"ಆವಾಗಾವಾಗ."

"ಅದೇ ತಪ್ಪು. ದಿನಾ ಬೆಳಿಗ್ಗೆ ಒಂದು ಹನಿ. ಸಿಕ್ಕಿಹಾಕ್ಕೊಂಡ್ರೆ ಬಲವಂತ ಮಾಡಬಾರದು. ಒಂದು ನಿಮಿಷ ಸುಮ್ಮನಿದ್ದು, ಟೀ ಕುಡಿದು, ಮತ್ತೆ ಶುರು ಮಾಡಬೇಕು."

"ದಿನಾ ಬಳಸ್ತೀರಾ ನೀವು?"

"ಬೆಳಿಗ್ಗೆಯಿಂದ ಸಾಯಂಕಾಲದವರೆಗೆ. ಮದುವೆ ಸೀಸನ್ ಬಂದ್ರೆ ಊಟಕ್ಕೂ ಬಿಡುವಿರಲ್ಲ."

ಮದುವೆಗಳಲ್ಲಿ ಕೈಚೀಲಕ್ಕೆ ಬೇಡಿಕೆ ಜಾಸ್ತಿ ಎಂಬುದು ಕಂಟ್ರಾಕ್ಟರಿಗೆ ಹೊಳೆಯುವುದು ಹೇಗೆ? ಅವರ ಮುಖ ಬಿಳಿಚಿತು. ಮದುವೆ ಸೀಸನ್ನಿನಲ್ಲಿ ಪಿಸ್ತೂಲಿಗೆ ಬಿಡುವಿಲ್ಲದ ಮನುಷ್ಯ ಎಂಥವನಿರಬೇಕು ಎಂದು ಲೆಕ್ಕ ಹಾಕುತ್ತ, ಹಿಮ್ಮುಖವಾಗಿ ನಡೆದು ಅಂಗಡಿಯ ಮೆಟ್ಟಿಲಿಳಿದರು.

ಸುದ್ದಿಗೆ ಕಾಲು ಬಂತು. ಸಂಜೆಯೊಳಗೆ ಬೀದಿಯಲ್ಲಿ ಹಬ್ಬಿದ ಮಾತೆಂದರೆ, ಬಕಲಣ್ಣ ಹೊರಗೆ ಬೆಲ್ಟು ಹೊಲಿಯುತ್ತಾನೆ, ಒಳಗಿನ ಕಥೆಯೇ ಬೇರೆ. ಮಾಳಿಗೆಯ ಬಾಡಿಗೆದಾರ ಮಧ್ಯಾಹ್ನದ ಹೊತ್ತಿನಲ್ಲಿ ಡೋಲು ಕಲಿಯುವುದನ್ನು ನಿಲ್ಲಿಸಿದ. ಹಾಲಿನವನ ಹಾಲು ಇದ್ದಕ್ಕಿದ್ದಂತೆ ಗಟ್ಟಿಯಾಯಿತು. ಮನೆಯ ಮಾಲೀಕರು ಕರೆಯದೆಯೇ ಬಂದು, ವರ್ಷದಿಂದ ಸೋರುತ್ತಿದ್ದ ನಲ್ಲಿಯನ್ನು ತಾವೇ ಮೊಣಕಾಲೂರಿ ಸರಿಮಾಡಿ, "ಇನ್ನೇನಾದ್ರೂ ತೊಂದ್ರೆ ಇದ್ರೆ ಹೇಳಿ, ಮನಸ್ಸಲ್ಲಿ ಇಟ್ಕೋಬೇಡಿ," ಎಂದು ಕೈ ಮುಗಿದು ಹೋದರು.

"ಏನ್ರೀ ಇದು, ಊರೋರಿಗೆಲ್ಲ ಏನಾಗಿದೆ?" ಎಂದು ಹೆಂಡತಿ ಕೇಳಿದಳು. "ಪಕ್ಕದ ಮನೆಯಾಕೆ, 'ಅಂಥೋರ ಜೊತೆ ಹೇಗ್ರೀ ಸಂಸಾರ ಮಾಡ್ತೀರಿ, ಭಯ ಆಗಲ್ವಾ' ಅಂತಾಳೆ. ನಾನು, 'ಜಿರಲೆ ಕಂಡ್ರೆ ಇವರೇ ನನ್ನ ಕರೀತಾರೆ' ಅಂದೆ. ಅದಕ್ಕೆ ಅವಳು, 'ಹಾಗೇ ಹೇಳ್ಬೇಕು ಬಿಡಿ, ಹೊರಗೆ ಹೇಳೋದು ಹಾಗೇ' ಅಂತ ಕಣ್ಣು ಮಿಟುಕಿಸಿದಳು."

"ಜನಕ್ಕೆ ಬೇರೆ ಕೆಲಸ ಇಲ್ಲ," ಎಂದ ಬಕಲಣ್ಣ, ಗಟ್ಟಿ ಹಾಲಿನ ಟೀ ಚಪ್ಪರಿಸುತ್ತ.

ಇದೆಲ್ಲಕ್ಕಿಂತ ಹೆಚ್ಚಿನ ಲಾಭ ಅಂಗಡಿಯ ಕುರ್ಚಿಯಲ್ಲಾಗಿತ್ತು. ಭಾವನವರು ಬದಲಾಗಿದ್ದರು. ಮೊದಲು "ಬಕಲಾ, ನೀರು ಕೊಡೋ" ಎನ್ನುತ್ತಿದ್ದವರು ಈಗ "ಬಕಲಣ್ಣನೋರೇ, ನಿಮಗೆ ಬಿಡುವಾದಾಗ" ಎನ್ನುತ್ತಿದ್ದರು. ಕಳ್ಳನ ಕಥೆಯ ಕೊನೆಯಲ್ಲಿ, "ಧೈರ್ಯ ಅನ್ನೋದು ನಮ್ಮ ಮನೆತನಕ್ಕೇ ಬಂದದ್ದು. ನೋಡಿ, ತಂಗಿಗೂ ಎಂಥಾ ಗಂಡು ಹುಡುಕಿದ್ದೀನಿ!" ಎಂದು ಸೇರಿಸುತ್ತಿದ್ದರು. ಆ ಬಹುವಚನ ಕಿವಿಗೆ ಬಿದ್ದಾಗಲೆಲ್ಲ ಬಕಲಣ್ಣನಿಗೆ ಖುಷಿಯಾಗುತ್ತಿತ್ತು. ಮದುವೆಯಾದಾಗಿನಿಂದ ಅವನು ಬಯಸಿದ್ದು ಅದೊಂದನ್ನೇ. ಸಿಕ್ಕ ಮೇಲೆ ಕಳೆದುಕೊಳ್ಳುವ ಮನಸ್ಸು ಯಾರಿಗೆ ಬರುತ್ತದೆ?

ಅಷ್ಟರಲ್ಲಿ ಮೀಸೆ ಸಾಹೇಬರು ಒಂದು ಯೋಜನೆ ಹಾಕಿದರು. ಬರುವ ಭಾನುವಾರ ಬೆಳಿಗ್ಗೆ ಸಂಘದ ಸಭಾಂಗಣದಲ್ಲಿ ಮಾಲೀಕರ ಸಭೆ. ಈ ಫುಲ್ ಸೈಜ್ ಪಿಸ್ತೂಲು ಕೈಗೆಷ್ಟು ಹೊಂದುತ್ತದೆ, ಎಷ್ಟು ನಂಬಬಹುದು ಎಂದು ಒಬ್ಬೊಬ್ಬರೂ ಅನುಭವ ಹೇಳಬೇಕು. ಮುಖ್ಯ ಭಾಷಣ ಬಕಲಣ್ಣನದು. ಮುಖ್ಯ ಅತಿಥಿ ಹೊಸ ಇನ್ಸ್‌ಪೆಕ್ಟರು.

"ನಿಮ್ಮ ಪಿಸ್ತೂಲು ತರೋದು ಮರೀಬೇಡಿ," ಎಂದರು ಸಾಹೇಬರು. "ಅಪ್ಪನ ಕಾಲದ್ದಂತೆ, ಎಲ್ಲರೂ ನೋಡೋಕೆ ಕಾದಿದ್ದಾರೆ."

ಬಕಲಣ್ಣ ಹೊಟ್ಟೆನೋವಿನ ಮಾತೆತ್ತಲು ಬಾಯಿ ತೆರೆದ. "ಬರ್ತಾರೆ, ಬರ್ತಾರೆ!" ಎಂದು ಭಾವನವರೇ ಒಪ್ಪಿಕೊಂಡುಬಿಟ್ಟರು. "ಸೊಂಟದಲ್ಲಿ ಕಟ್ಕೊಂಡೇ ಬರ್ತಾರೆ. ನಾನು ಜೊತೇಲಿರ್ತೀನಿ."

ಊರಿಗೆಲ್ಲ ಒರೆ ಹೊಲಿದವನಿಗೆ ತನ್ನದೇ ಆದ ಒರೆ ಇರಲಿಲ್ಲ. ಶನಿವಾರ ಮಧ್ಯಾಹ್ನ ಅವನು ಗಡಿಬಿಡಿಯಲ್ಲಿ ದಪ್ಪ ಚರ್ಮ ನೆನೆಸಿ, ಕಿಟಕಿಯಿಂದ ಮರದ ಪಿಸ್ತೂಲನ್ನು ಕಿತ್ತು ತಂದು ಒತ್ತಿ ಕೂರಿಸಿದ. ಹೆಂಡತಿ ತರಕಾರಿ ತರಲು ಹೋಗಿದ್ದಳು. ಹೊಲಿಗೆಯನ್ನೂ ತಾನೇ ಹಾಕಿ ಬಿಸಿಲಿಗಿಟ್ಟ. ತಲೆಯ ತುಂಬ ಭಾಷಣ ಓಡುತ್ತಿದ್ದರಿಂದ ಎರಡು ತಪ್ಪು ಮಾಡಿದ. ಮರಕ್ಕೆ ಪ್ಲಾಸ್ಟಿಕ್ ಸುತ್ತಲಿಲ್ಲ. ಸಮಯಕ್ಕೆ ಸರಿಯಾಗಿ ಮರವನ್ನು ಎಳೆಯಲೂ ಇಲ್ಲ. ಒಣ ಮರ ನೀರು ಕುಡಿದು ಉಬ್ಬಿತು. ಹಸಿ ಚರ್ಮ ಬಿಸಿಲಿಗೆ ಒಣಗಿ ಬಿಗಿಯಿತು. ಇಬ್ಬರೂ ಅಪ್ಪಿಕೊಂಡು ಒಂದಾದರು. ಭಾನುವಾರ ಬೆಳಿಗ್ಗೆ ಬಕಲಣ್ಣ ಅದನ್ನು ಹಾಗೆಯೇ ಸೊಂಟಕ್ಕೆ ಬಿಗಿದುಕೊಂಡು, ಕಿವಿಗಿಡಲು ಜೇಬಿನಲ್ಲಿ ಹತ್ತಿ ತುಂಬಿಕೊಂಡು, ಭಾವನವರ ಹಿಂದೆ ಹೊರಟ.

ಸಂಘದ ಸಭಾಂಗಣ ಎಂದರೆ ತಗಡಿನ ಚಾವಣಿಯ ಉದ್ದನೆಯ ಕೋಣೆ. ಅದರ ಹಿಂದೆ ಗುರಿ ಹೊಡೆಯುವ ಮೈದಾನ, ಅಲ್ಲಿ ಮರಳು ಮೂಟೆಗಳ ಗೋಡೆ, ಅದರಾಚೆ ಒಂದು ಚರಂಡಿ. ಇನ್ಸ್‌ಪೆಕ್ಟರು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಾತು ಕಡಿಮೆ, ಕಣ್ಣು ಚುರುಕು. ಎಲ್ಲರೂ ಅನುಭವ ಹೇಳಿದ ಮೇಲೆ ಬಕಲಣ್ಣನ ಸರದಿ ಬಂತು.

ಅವನು ಎದ್ದು ಮುಂದೆ ಬಂದ. ಕಣ್ಣು ಮುಚ್ಚಿದ. ಯಂತ್ರ ಕಾಣಿಸಿತು. ಕೂಡಲೇ ಮಾತು ಸಲೀಸಾಯಿತು.

"ನಂದು ಹಳೇದು. ನೋಡೋಕೆ ಚೆಂದ ಇಲ್ಲ. ಅಲ್ಲಲ್ಲಿ ಬಣ್ಣ ಹೋಗಿದೆ. ಆದ್ರೆ ನಾನು ಅದನ್ನ ನಂಬ್ತೀನಿ, ಅದೂ ನನ್ನ ನಂಬತ್ತೆ. ಅವಸರ ಮಾಡಿದ್ರೆ ಮುನಿಸ್ಕೊಳ್ಳತ್ತೆ. ಬೇರೆಯೋರು ಮುಟ್ಟಿದ್ರೆ ಓಡೋದೇ ಇಲ್ಲ. ಅಪ್ಪ ಸತ್ತ ದಿನ ನಾನು ಅದರ ಮುಂದೇನೇ ಕೂತು ಅತ್ತಿದ್ದೆ. ನನ್ನ ಮನೆ ನಡೆದಿದ್ದು ಅದರಿಂದ, ತಂಗಿ ಮದುವೆ ಆಗಿದ್ದು ಅದರಿಂದ..."

ಡಾಕ್ಟರಮ್ಮ ಕಣ್ಣೊರೆಸಿಕೊಂಡರು. ಕಂಟ್ರಾಕ್ಟರು ಪಕ್ಕದವರ ಕಿವಿಯಲ್ಲಿ, "ತಂಗಿ ಮದುವೇನೂ ಅದರಿಂದ್ಲೇ ಅಂತೆ, ಗಂಡು ಪಾಪ ಹೇಗೆ ಬೇಡ ಅಂತಾನೆ?" ಎಂದು ಪಿಸುಗುಟ್ಟಿದರು. ಚಪ್ಪಾಳೆ ತಗಡಿನ ಚಾವಣಿಯನ್ನು ನಡುಗಿಸಿತು. ಭಾವನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇನ್ಸ್‌ಪೆಕ್ಟರು ಮಾತ್ರ ತಟ್ಟಲಿಲ್ಲ. "ಚೆನ್ನಾಗಿ ಮಾತಾಡಿದ್ರಿ," ಎಂದರು. "ಒಂದು ಸಣ್ಣ ವಿಷಯ. ಈ ಊರಲ್ಲಿ ಪಿಸ್ತೂಲು ಇರೋರೆಲ್ಲ ನಾನು ಬಂದ ಮೇಲೆ ಸ್ಟೇಷನ್ನಿಗೆ ಬಂದು ಮುಖ ತೋರಿಸಿ ಹೋಗಿದ್ದಾರೆ. ನಿಮ್ಮ ಮುಖ ನಾನು ನೋಡಿಲ್ಲ. ಲೈಸೆನ್ಸ್ ಇದೆಯಾ?"

ಬಕಲಣ್ಣ ಲೆಕ್ಕ ಹಾಕಿದ. ಲೈಸೆನ್ಸಿಲ್ಲದ ಪಿಸ್ತೂಲಿಗೆ ಜೈಲು. ಇದು ಪಿಸ್ತೂಲೇ ಅಲ್ಲ ಎಂದರೆ ಜೈಲಿಲ್ಲ, ಆದರೆ ಭಾವನವರ ಬಾಯಿಯಲ್ಲಿ ಉಳಿದ ಆಯುಷ್ಯವೆಲ್ಲ "ಬಕಲಾ". ಯಾವುದು ಹೆಚ್ಚು ಕಷ್ಟ ಎಂದು ಅವನು ಪ್ರಾಮಾಣಿಕವಾಗಿ ಯೋಚಿಸಿದ. ಜೈಲಿನಲ್ಲಿ ಕುಕ್ಕರ್ ಕೂಗುವುದಿಲ್ಲ ಎಂಬುದೂ ಹೊಳೆದುಹೋಯಿತು.

"ಪಿಸ್ತೂಲು ತೆಗೀರಿ, ಅದರ ಮೇಲಿನ ನಂಬರ್ ನೋಡೋಣ," ಎಂದರು ಇನ್ಸ್‌ಪೆಕ್ಟರು.

ಬಕಲಣ್ಣ ಹಿಡಿಗೆ ಕೈ ಹಾಕಿ ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಪ್ಯಾಂಟು ಮೇಲೆ ಬಂತು, ಪಿಸ್ತೂಲು ಬರಲಿಲ್ಲ.

"ನೋಡಿದ್ರಾ ಫಿಟ್ಟಿಂಗು!" ಎಂದು ಮೀಸೆ ಸಾಹೇಬರು ಉದ್ಗರಿಸಿದರು. "ಇದಕ್ಕೇ ಅನ್ನೋದು ಕೈಗುಣ ಅಂತ!"

ಇನ್ಸ್‌ಪೆಕ್ಟರು ತಾವೇ ಬಂದು ಹಿಡಿ ಹಿಡಿದರು. ಸಾಹೇಬರು ಬಕಲಣ್ಣನ ಸೊಂಟ ಹಿಡಿದರು. ಕಂಟ್ರಾಕ್ಟರು ಸಾಹೇಬರ ಸೊಂಟ ಹಿಡಿದರು. ಎರಡೂ ಕಡೆ ಹಗ್ಗಜಗ್ಗಾಟ ನಡೆಯಿತು. ಒಂದು ಸಲ ಬಕಲಣ್ಣ ನೆಲ ಬಿಟ್ಟು ಮೇಲೆದ್ದ. ಡಾಕ್ಟರಮ್ಮ ಬಹಳ ಜನರ ದವಡೆಗಳನ್ನು ಪಳಗಿಸಿದ ಅನುಭವದಿಂದ, "ಎಳೀಬೇಡಿ, ಅಲ್ಲಾಡಿಸಿ, ಅಲ್ಲಾಡಿಸಿ!" ಎಂದು ಸೂಚನೆ ಕೊಟ್ಟರು. ಅಲ್ಲಾಡಿಸಿದ್ದೂ ಆಯಿತು.

"ಒರೆ ಕುಯ್ದುಬಿಡೋಣ," ಎಂದು ಇನ್ಸ್‌ಪೆಕ್ಟರು ಜೇಬಿನಿಂದ ಚಾಕು ತೆಗೆದರು. ಆಮೇಲೆ ಏನೋ ನೆನಪಾಗಿ ಕೈ ತಡೆದರು. "ಒಳಗೆ ಗುಂಡು ಇಲ್ಲ ತಾನೆ?"

ಉತ್ತರ ಬಂದದ್ದು ಬಕಲಣ್ಣನಿಂದಲ್ಲ. "ಏನು ಸಾರ್ ಹೀಗೆ ಕೇಳ್ತೀರಿ!" ಎಂದು ಭಾವನವರು ಮನೆತನದ ಮರ್ಯಾದೆಗೆ ಪೆಟ್ಟು ಬಿದ್ದವರಂತೆ ಗುಡುಗಿದರು. "ಖಾಲಿ ಪಿಸ್ತೂಲು ಕಟ್ಕೊಂಡು ತಿರುಗೋಕೆ ಅವರೇನು ಮಗುವಾ? ಸದಾ ತುಂಬಿರತ್ತೆ! ಮುಟ್ಟಿದ್ರೆ ಸಾಕು, ಹಾರತ್ತೆ!"

ಒಂದು ಕ್ಷಣ ಎಲ್ಲರೂ ಆ ಮಾತಿನ ಅರ್ಥವನ್ನು ಒಳಗಿಳಿಸಿಕೊಂಡರು. ಇಷ್ಟು ಹೊತ್ತು ತುಂಬಿದ ಪಿಸ್ತೂಲನ್ನು ಅಲ್ಲಾಡಿಸಿದ್ದೇವೆ ಎಂದು ಹೊಳೆದದ್ದೇ ತಡ, ಸಭಾಂಗಣ ಖಾಲಿಯಾಯಿತು. ಡಾಕ್ಟರಮ್ಮ ಪಾದ ಸರಿಯಾಗಿ ಊರಿ ಓಡಿದರು. ಕಂಟ್ರಾಕ್ಟರು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರು. ಬಲವಂತ ಮಾಡಬಾರದೆಂಬ ನಿಯಮ ಮರೆತು ಎಲ್ಲರೂ ಅವರನ್ನು ನೂಕಿದರು. ಇನ್ಸ್‌ಪೆಕ್ಟರು ಎಲ್ಲರನ್ನೂ ಹೊರಡಿಸಿ, "ಅಲ್ಲಾಡಬೇಡಿ! ಉಸಿರೂ ನಿಧಾನಕ್ಕೆ ಬಿಡಿ!" ಎಂದು ಬಕಲಣ್ಣನಿಗೆ ಆಜ್ಞೆ ಮಾಡಿ, ಹೋಗಿ ಮರಳು ಮೂಟೆಗಳ ಹಿಂದೆ ಕೂತರು. ಎಲ್ಲರಿಗಿಂತ ಮೊದಲು ಹೊರಗೆ ಹೋದವರು ಭಾವನವರು. ಅವರು ಬಾಗಿಲಿಗಾಗಿ ಕಾಯಲಿಲ್ಲ. ಕಿಟಕಿಯಿಂದ ಹಾರಿ, ಮರಳು ಮೂಟೆಗಳೂ ಸಾಲವೆಂದು ಅವನ್ನೂ ದಾಟಿ, ಅದರಾಚೆಯ ಚರಂಡಿಗೆ ಇಳಿದಿದ್ದರು.

ಸಭಾಂಗಣದ ನಡುವೆ ಒಂದು ಕುರ್ಚಿ, ಅದರ ಮೇಲೆ ಬಕಲಣ್ಣ. ಭಾವನವರು ಕಣ್ಣಿಗೆ ಕಾಣದೆ ಹೋದದ್ದರಿಂದ ಅವನಿಗೆ ಧೈರ್ಯ ಬಂತು.

"ಸಾರ್! ಇದು ಮರದ್ದು ಸಾರ್!" ಎಂದು ಕೂಗಿದ. "ಗುಂಡೂ ಇಲ್ಲ, ಏನೂ ಇಲ್ಲ! ಬಡಗಿ ಮಾಡಿದ್ದು!"

ಮೂಟೆಗಳ ಹಿಂದೆ ಗುಸುಗುಸು ನಡೆಯಿತು. "ಭಯದಲ್ಲಿ ಬಾಯಿಗೆ ಬಂದದ್ದು ಹೇಳ್ತಿದ್ದಾರೆ ಪಾಪ," ಎಂದರು ಡಾಕ್ಟರಮ್ಮ. "ಲೈಸೆನ್ಸ್ ಇಲ್ಲ ನೋಡಿ, ಅದಕ್ಕೆ ಮರದ್ದು ಅಂತಾರೆ," ಎಂದರು ಇನ್ಸ್‌ಪೆಕ್ಟರು. ಚರಂಡಿಯಿಂದ ಒಂದು ದನಿ, "ನಂಬಬೇಡಿ ಸಾರ್! ಅದು ತುಂಬಿದೆ!" ಎಂದಿತು.

ಬಕಲಣ್ಣ ಬದುಕಿನಲ್ಲಿ ಮೊದಲ ಸಲ ಇಷ್ಟು ಜನರೆದುರು ನಿಜ ಹೇಳಿದ್ದ. ಯಾರೂ ನಂಬಲಿಲ್ಲ. ಅವನಿಗೆ ಅಳು ಬಂತು.

ಅಷ್ಟರಲ್ಲಿ ಗೇಟಿನಿಂದ ಅವನ ಹೆಂಡತಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಕಾಲ ಸಪ್ಪಳದಲ್ಲಿಯೇ ಸಿಟ್ಟು ತಿಳಿಯುತ್ತಿತ್ತು. "ಅಮ್ಮಾ, ಒಳಗೆ ಹೋಗಬೇಡಿ!" ಎಂದು ಇನ್ಸ್‌ಪೆಕ್ಟರು ಮೂಟೆಯ ಮೇಲಿಂದ ಟೋಪಿಯನ್ನಷ್ಟೇ ಎತ್ತಿ ಕೂಗಿದರು. ಅವಳು ತಿರುಗಿಯೂ ನೋಡದೆ ನೇರವಾಗಿ ಗಂಡನ ಮುಂದೆ ಬಂದು ನಿಂತಳು.

"ಅಲ್ರೀ, ಬೆಳಿಗ್ಗೆಯಿಂದ ಅಡುಗೆಮನೆ ಕಿಟಕಿ ದಡಾರ್ ದಡಾರ್ ಅಂತ ಬಡೀತಿದೆ. ಹೊಸ ಗಾಜಿನ ಜಾಡಿ ಬಿದ್ದು ಒಡೆದುಹೋಯ್ತು. ಎಲ್ರೀ ನನ್ನ ಮರದ ತುಂಡು?"

ಬಕಲಣ್ಣ ಸೊಂಟ ತೋರಿಸಿದ.

ಅವಳು ಬಗ್ಗಿ ನೋಡಿದಳು. ಅವಳ ಕಣ್ಣಿಗೆ ಬಿದ್ದದ್ದು ಪಿಸ್ತೂಲಲ್ಲ, ಹೊಲಿಗೆ. "ಥೂ, ಇದ್ಯಾರು ಹಾಕಿದ್ದು ಈ ಹೊಲಿಗೆ? ಸೊಟ್ಟಪಟ್ಟ! ಪ್ಲಾಸ್ಟಿಕ್ ಸುತ್ತದೆ ಕೂರ್ಸಿದ್ದೀರಲ್ಲ, ಬುದ್ಧಿ ಎಲ್ಲಿತ್ತು?" ಎಂದವಳೇ ಪರ್ಸಿನಿಂದ ಸಣ್ಣ ಕತ್ತರಿ ತೆಗೆದು ಕಚ ಕಚ ಎಂದು ಅಂಚಿನ ದಾರ ಕತ್ತರಿಸತೊಡಗಿದಳು. ಮೂಟೆಗಳ ಹಿಂದೆ ಎಲ್ಲರೂ ಕಣ್ಣು, ಕಿವಿ ಮುಚ್ಚಿಕೊಂಡರು. ಒರೆ ಬಾಯಿ ಬಿಟ್ಟಿತು. ಉಬ್ಬಿದ ಮರದ ತುಂಡೊಂದು ಠೊಕ್ ಎಂದು ನೆಲಕ್ಕೆ ಬಿತ್ತು. ಅದರ ಮೇಲೆ ಬಡಗಿಯ ಪೆನ್ಸಿಲ್ ಗುರುತು ಇನ್ನೂ ಇತ್ತು.

ಇನ್ಸ್‌ಪೆಕ್ಟರು ಬಂದು ಅದನ್ನೆತ್ತಿ, ತಿರುಗಿಸಿ, ಮೂಸಿ ನೋಡಿದರು. ಉಳಿದವರು ಸುತ್ತ ನೆರೆದರು. ಬಕಲಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಬಿಟ್ಟ, ಯಂತ್ರದ ಸಂಗತಿಯನ್ನೂ ಮದುವೆ ಸೀಸನ್ನಿನ ಸಂಗತಿಯನ್ನೂ ಬಿಡಲಿಲ್ಲ.

"ಹಾಗಾದ್ರೆ ನಾನು ಎಣ್ಣೆ ಹಾಕ್ತಿರೋದು ಹೊಲಿಗೆ ಮಿಷಿನ್ನಿನ ಸಲಹೆ ಮೇಲಾ?" ಎಂದರು ಕಂಟ್ರಾಕ್ಟರು.

"ತಪ್ಪಾಯ್ತು ಸಾರ್."

"ಏನ್ ತಪ್ಪು? ಮುಂಚಿನಷ್ಟು ಸಿಕ್ಕಿಹಾಕ್ಕೊಳ್ತಿಲ್ಲ ಈಗ," ಎಂದು ಅವರು ಪೆಚ್ಚಾಗಿ ನಿಂತರು. ಡಾಕ್ಟರಮ್ಮನಿಗೆ ಮೊದಲು ನಗು ಬಂತು. ಆಮೇಲೆ ಸಾಹೇಬರ ಮೀಸೆಗೆ ಬಂತು. ಇನ್ಸ್‌ಪೆಕ್ಟರು ನಗಬಾರದೆಂದು ತುಟಿ ಕಚ್ಚಿಕೊಂಡು, "ಕಿಟಕಿಗೆ ಆಸರೆ ಕೊಡೋಕೆ ಲೈಸೆನ್ಸ್ ಬೇಕಾಗಿಲ್ಲ. ಇನ್ಮೇಲೆ ಹೊರಗೆ ಕಟ್ಕೊಂಡು ತಿರುಗಬೇಡಿ," ಎಂದು ತುಂಡನ್ನು ಬಕಲಣ್ಣನ ಹೆಂಡತಿಯ ಕೈಗೆ ಕೊಟ್ಟು, ಆಚೆ ತಿರುಗಿ ಹೊಟ್ಟೆ ಹಿಡಿದುಕೊಂಡರು.

"ನಮ್ಮಣ್ಣ ಎಲ್ಲಿ? ನಿಮ್ಮ ಜೊತೇಲಿ ಬಂದಿದ್ನಲ್ಲ?" ಎಂದು ಅವಳು ಕೇಳಿದಳು.

ಎಲ್ಲರ ಕಣ್ಣೂ ಚರಂಡಿಯ ಕಡೆ ಹೋದವು. ಅಲ್ಲಿಂದ ಮೊದಲು ಒಂದು ಕೈ ಬಂತು, ಆಮೇಲೆ ಕೆಸರು ಮೆತ್ತಿದ ಮುಖ ಬಂತು. ಪ್ಯಾಂಟು ಕಿಟಕಿಯ ಚಿಲಕಕ್ಕೆ ಸಿಕ್ಕಿ ಹಿಂದೆ ಉದ್ದಕ್ಕೆ ಹರಿದಿತ್ತು. ಭಾವನವರು ಮರದ ತುಂಡನ್ನು ನೋಡಿದರು. ತಂಗಿಯನ್ನು ನೋಡಿದರು. ಹರಿದ ಜಾಗಕ್ಕೆ ಕೈ ಅಡ್ಡ ಹಿಡಿದು ಬಕಲಣ್ಣನನ್ನು ನೋಡಿದರು.

ಬಕಲಣ್ಣನಿಗೆ ಒಂದು ಮಾತು ಸಾಕಿತ್ತು. ಗೋದಾಮು, ಕಳ್ಳರು, ಮಚ್ಚು, ಎದೆ ಎಲ್ಲವೂ ಅವನ ನಾಲಿಗೆಯ ತುದಿಗೆ ಬಂದಿದ್ದವು. ಅವನು ಆಡಲಿಲ್ಲ. ಒಳ್ಳೆಯವನೆಂದು ಮೊದಲೇ ಹೇಳಿದೆವಲ್ಲ. "ಭಾವ ನಂಗೆ ನೀರು ತರೋಕೆ ಹೋಗಿ ಜಾರಿಬಿದ್ರು," ಎಂದ ಹೆಂಡತಿಗೆ. ಅವಳು ಹರಿದ ಪ್ಯಾಂಟನ್ನೂ ಕಿಟಕಿಯ ಚಿಲಕದಲ್ಲಿ ಹಾರಾಡುತ್ತಿದ್ದ ಬಟ್ಟೆಯ ಚೂರನ್ನೂ ನೋಡಿದಳು. ಗಂಡ ಇನ್ನೊಂದು ಸುಳ್ಳು ಹೇಳಿದ್ದು ಅವಳಿಗೆ ತಿಳಿಯಿತು. ಈ ಸಲ ಬೈಯಲಿಲ್ಲ.

ಈಗ ಅಡುಗೆಮನೆಯ ಕಿಟಕಿಗೆ ಹೊಸ ಕೊಂಡಿ ಬಂದಿದೆ. ಹಾಲು ಮತ್ತೆ ತೆಳ್ಳಗಾಗಿದೆ, ಮಾಳಿಗೆಯಲ್ಲಿ ಡೋಲು ಶುರುವಾಗಿದೆ. ಮರದ ಪಿಸ್ತೂಲು ಅಂಗಡಿಯ ಗೋಡೆಯ ಮೇಲೆ, ಹೊಲಿಗೆ ಯಂತ್ರದ ನೇರಕ್ಕೆ, ಒಂದು ಮೊಳೆಯಿಂದ ತೂಗುತ್ತಿದೆ. ಸಂಘದವರ ಒರೆಗಳೆಲ್ಲ ಇವತ್ತಿಗೂ ಅದರ ಮೇಲೆಯೇ ಅಚ್ಚಾಗುವುದು, ಪ್ಲಾಸ್ಟಿಕ್ ಸುತ್ತಿ.

ಭಾವನವರು ಕೆಲವು ದಿನ ಬಿಟ್ಟು ಮತ್ತೆ ಬಂದು ಕುರ್ಚಿಯಲ್ಲಿ ಕೂತರು. ಹೊಸ ಗಿರಾಕಿ ಬಂದರೆ ಹಳೆಯ ಚಪಲ ಕೆರಳುತ್ತದೆ. ಗಂಟಲು ಸರಿಮಾಡಿಕೊಂಡು, "ನಾನು ಗೋದಾಮಿನಲ್ಲಿದ್ದಾಗ ಒಂದು ಸಲ..." ಎಂದು ಶುರು ಮಾಡುತ್ತಾರೆ. ಬಕಲಣ್ಣ ಯಂತ್ರ ನಿಲ್ಲಿಸಿ, ತಲೆಯೆತ್ತಿ, ಗೋಡೆಯ ಮೊಳೆಯ ಕಡೆ ಒಂದು ಸಲ ನೋಡುತ್ತಾನೆ. ಭಾವನವರು ಅಲ್ಲಿಗೇ ಕಥೆ ನಿಲ್ಲಿಸಿ, "ಬಕಲಣ್ಣನೋರೇ, ಟೀ ತರಿಸ್ಲಾ?" ಎಂದು ಎದ್ದು ನಿಲ್ಲುತ್ತಾರೆ.

ಗಿರಾಕಿಗಳಲ್ಲಿ ಯಾರಾದರೂ ಗೋಡೆಯ ಪಿಸ್ತೂಲನ್ನು ಕಂಡು, "ಫುಲ್ ಸೈಜಾ? ಹೇಗಿದೆ, ನಂಬಬಹುದಾ?" ಎಂದು ಕೇಳುವುದುಂಟು. ಮಾಲೀಕನ ಅಭಿಪ್ರಾಯ ಸಿದ್ಧವಾಗಿದೆ. ಬಕಲಣ್ಣ ಯಂತ್ರಕ್ಕೆ ಒಂದು ಹನಿ ಎಣ್ಣೆ ಬಿಟ್ಟು ಹೇಳುತ್ತಾನೆ:

"ಗುಂಡು ಬೇಡ, ಲೈಸೆನ್ಸ್ ಬೇಡ, ಸದ್ದೂ ಇಲ್ಲ. ಇವತ್ತಿನವರೆಗೆ ಒಂದು ಸಲಾನೂ ಗುರಿ ತಪ್ಪಿಲ್ಲ."